ಪರದೆ ಸರಿಯಲಿ ಅಂತ ಹೊರಗೇ ಕೂತವರು

ಆ ಮಧ್ಯಾಹ್ನ ಹೊಲಿಗೆ ಕ್ಲಾಸಿಗೆ ಹೆಸರು ಕೊಟ್ಟ ಹೆಂಗಸರೆಲ್ಲ ಬಂದರು. ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟರು. ಒಳಗೆ ಒಮ್ಮೆ ಇಣುಕಿ ನೋಡಿ, ಹಿಂದಕ್ಕೆ ಸರಿದು, ಹೊರಗಿನ ಕಟ್ಟೆಯ ಮೇಲೆ ಕೂತುಬಿಟ್ಟರು.

ಒಳಗೆ ಅಂದರೆ ನಮ್ಮೂರ ಹಳೇ ಚರ್ಚ್. ಕ್ಲಾಸ್ ನಡೆಸುವವಳು ನಾನು. ಮಷೀನುಗಳಿಗೆ ದಾರ ಪೋಣಿಸಿಟ್ಟು ಕಾಯುತ್ತಿದ್ದೇನೆ... ಒಬ್ಬರೂ ಒಳಗೆ ಬರುತ್ತಿಲ್ಲ.

ಸ್ವಲ್ಪ ಹಿಂದಿನದು ಹೇಳಬೇಕು. ನಿಪ್ಪಾಣಿ ಕಡೆಯ ನಮ್ಮ ಹಳ್ಳಿಯಲ್ಲಿ ಕ್ರೈಸ್ತರ ಮನೆ ಈಗ ನಾಲ್ಕೇ ನಾಲ್ಕು. ಚರ್ಚಿನ ಹಂಚು ಒಡೆದು ಗೋಡೆಗೆ ನೀರು ಇಳಿಯುತ್ತಿತ್ತು. ಭಾನುವಾರ ಒಂದಿಷ್ಟು ಹೊತ್ತು ತೆರೆಯುವ ಕಟ್ಟಡಕ್ಕೆ ರಿಪೇರಿ ಯಾಕೆ, ಬೀಗ ಹಾಕಿ ನಿಪ್ಪಾಣಿಗೇ ಪ್ರಾರ್ಥನೆಗೆ ಬನ್ನಿ ಅಂದರು ನಮ್ಮ ಚರ್ಚಿನ ಮೇಲಿನವರು.

ನಮಗೇನು, ಬಸ್ ಹತ್ತಿ ಹೋಗಿಬಿಡುತ್ತೇವೆ. ಆದರೆ ನನ್ನ ಅವ್ವನ ತಂಗಿ ಸರೋಜಾ ಮೌಶಿಯ ಮೊಣಕಾಲಿಗೆ ಬಸ್ಸಿನ ಮೆಟ್ಟಿಲು ಆಗುವುದಿಲ್ಲ. ಅವಳ ಮದುವೆ ಆದದ್ದು ಈ ಚರ್ಚಿನಲ್ಲಿ, ಅವಳ ಗಂಡ ಕಾಕಾ ತೀರಿಕೊಂಡಾಗ ಕೊನೆಯ ಪ್ರಾರ್ಥನೆ ಆದದ್ದೂ ಇಲ್ಲೇ. ಬೀಗ ಬಿದ್ದರೆ ಅವಳಿಗೆ ಪ್ರಾರ್ಥನೆಯೇ ತಪ್ಪುತ್ತದೆ.

ಆಗ ನಮ್ಮ ಪಾಸ್ಟರ್ ಒಂದು ಹಾದಿ ಹೇಳಿದರು. ಭಾನುವಾರ ಪ್ರಾರ್ಥನೆ, ಉಳಿದ ದಿನ ಊರಿಗೆಲ್ಲ ಹಾಲ್. ಮೇಲಿನವರು ಒಪ್ಪಿದರು, ಆದರೆ ಮೊದಲು ಊರವರು ಬರುವುದನ್ನು ತೋರಿಸಿ, ಆಮೇಲೆ ಹಂಚಿನ ಮಾತು ಅಂದರು.

ಬೆಂಚುಗಳನ್ನು ಗೋಡೆಗೆ ಸರಿಸಿ ಜಮಖಾನೆ ಹಾಸಿದೆವು. ಎಲ್ಲ ಸರಿಯೇ ಇತ್ತು. ಅಷ್ಟರಲ್ಲಿ ನಮ್ಮ ಚರ್ಚ್ ಕಮಿಟಿಗೆ ಜಾಣತನ ಬಂತು... ಬೇರೆ ಧರ್ಮದ ಹೆಂಗಸರು ಬರುತ್ತಾರೆ, ಎದುರಿಗೇ ದೊಡ್ಡ ಶಿಲುಬೆ ಇದ್ದರೆ ಸಂಕೋಚ ಆಗುತ್ತದೆ, ಮುಂದೆ ಒಂದು ಪರದೆ ಕಟ್ಟೋಣ ಅಂತ.

ಬಟ್ಟೆ ತಂದವಳು ನಾನೇ. ಒಳ್ಳೇ ಮರೂನ್ ಬಣ್ಣ, ಕೆಳಗೆ ಜರಿ ಅಂಚು ಬೇರೆ!

ಮೌಶಿ ನೋಡಿದಳು. "ನಮ್ಮ ದೇವರನ್ನ ಮುಚ್ಚಿ ಮಂದೀನ ಕರೀತೀರೇನ?" ಅಂದಳು. ಅಷ್ಟೇ. ಆಮೇಲೆ ನನ್ನ ಜೊತೆ ಮಾತೇ ಬಿಟ್ಟಳು.

ಅಂಥ ಪರದೆ ಕಟ್ಟಿದ ಮೇಲೂ ಇವರು ಹೊರಗೇ ಕೂತಿದ್ದಾರೆ. ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟಿನ ಕೆಳಗೆ ಇದ್ದದ್ದು ನೋವು, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಮನೆತನದವರನ್ನು ಮೈಲಿಗೆ ಅಂತ ಹೊಸ್ತಿಲಾಚೆ ನಿಲ್ಲಿಸಿದ ಕಥೆಗಳನ್ನು ಕೇಳಿಯೇ ನಾನು ಬೆಳೆದದ್ದು. ಈಗ ನಮ್ಮ ಹೊಸ್ತಿಲಿಗೆ ಬಂದೂ ಇವರದು ಅದೇ ಅನ್ನಿಸಿತು.

ಹೊರಗೆ ಹೋಗಿ ಕೇಳಿಯೇಬಿಟ್ಟೆ. "ಯಾಕ್ರಿ, ಒಳಗ ಬಂದ್ರ ಮೈಲಿಗಿ ಆಗತೈತೇನ್ರಿ?"

ಎಲ್ಲರೂ ಕಣ್ಣು ಕಣ್ಣು ಬಿಟ್ಟರು. ಹಿಂದಿನ ಓಣಿಯ ಮಹಾದೇವಿ ವೈನಿ ಎದ್ದು ನಿಂತಳು. ದಿನಾ ವಿಠ್ಠಲನ ಗುಡಿಗೆ ಹೋಗಿ ಬರುವ ಹೆಂಗಸು.

"ಅಯ್ಯ, ಹಂಗ್ಯಾಕಂತೀರಿ ಟೀಚರ? ಪರದೆ ಹಾಕೀರಲ್ಲರಿ. ನಮ್ಮ ವಿಠ್ಠಲನ ಗುಡ್ಯಾಗ ಪರದೆ ಎಳದ್ರ ದೇವರು ಊಟಕ್ಕ ಕುಂತಾನ ಅಂತ. ಸರಿಯೂತನಕ ನಾವು ಹೊರಗ ಕುಂದರತೀವ್ರಿ."

ಆಮೇಲೆ ದನಿ ತಗ್ಗಿಸಿ ಕೇಳಿದಳು. "ನಿಮ್ಮ ದೇವರದು ಊಟ ಇನ್ನಾ ಆಗಿಲ್ಲೇನ್ರಿ?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾವು ಅವರ ಸಂಕೋಚಕ್ಕೆ ಅಂತ ಕಟ್ಟಿದ್ದೇ ಅವರಿಗೆ ಅಡ್ಡ ಆಗಿತ್ತು. ಮರ್ಯಾದೆಗೆ ಅಂತ ಹೊರಗೆ ಕೂತವರನ್ನು ಬೈದವಳು ನಾನು.

ಅಷ್ಟರಲ್ಲಿ ಒಳಗಿನಿಂದ ನಗು ಕೇಳಿಸಿತು. ಮೂಲೆಯ ಬೆಂಚಿನ ಮೇಲೆ ಮುಖ ಗಂಟಿಕ್ಕಿ ಕೂತಿದ್ದ ಮೌಶಿ!

ಗೋಡೆ ಹಿಡಿದು ಎದ್ದಳು. ಕುಂಟುತ್ತ ಹೋಗಿ ಪರದೆಯನ್ನು ಒಂದೇ ಸಲಕ್ಕೆ ಪೂರಾ ಸರಿಸಿದಳು. ಬಾಗಿಲ ಕಡೆ ತಿರುಗಿ, "ಆತ್ರವ್ವಾ, ಊಟ ಆತು. ಬರ್ರಿ ಒಳಗ!" ಅಂದಳು.

ಬಂದರು. ಮಹಾದೇವಿ ವೈನಿ ಶಿಲುಬೆಗೊಮ್ಮೆ ಕೈಮುಗಿದು, ಜಮಖಾನೆ ಮೇಲೆ ಕೂತು, "ಮೊದಲ ಜಂಪರ್ ಹೊಲಿಯೂದು ಕಲಿಸ್ರಿ" ಅಂದಳು. ಬಾಕಿಯವರು ಮಷೀನುಗಳನ್ನು ಸುತ್ತುಗಟ್ಟಿದರು. ಕ್ಲಾಸ್ ಶುರುವಾಯಿತು.

ಈಗ ಊರ ಹೆಂಗಸರ ಸಂಘದ ಮೀಟಿಂಗೂ ಅಲ್ಲೇ ನಡೆಯುತ್ತದೆ. ಹಂಚಿನ ಕೆಲಸಕ್ಕೆ ಮೇಲಿನವರು ಹೂಂ ಅಂದಿದ್ದಾರೆ. ಮಾಡಿದರೆ ಆಯಿತು... ಸದ್ಯಕ್ಕೆ ಬೀಗದ ಮಾತಂತೂ ಇಲ್ಲ.

ಆ ಪರದೆಯನ್ನು ಕತ್ತರಿಸಿ ಮಷೀನುಗಳಿಗೆ ಮುಸುಕು ಹೊಲಿದೆವು. ಭಾನುವಾರ ಅವುಗಳ ಪಕ್ಕದಲ್ಲೇ ಮೌಶಿ ಪ್ರಾರ್ಥನೆಗೆ ಕೂರುತ್ತಾಳೆ. ನನ್ನ ಜೊತೆ ಮಾತೂ ಆಡುತ್ತಾಳೆ, ಬೇಕಿದ್ದಕ್ಕಿಂತ ಜಾಸ್ತಿಯೇ.

ಮಹಾದೇವಿ ವೈನಿ ಮಾತ್ರ ಇವತ್ತಿಗೂ ಹೊಸ್ತಿಲಲ್ಲಿ ನಿಂತು "ಊಟ ಆತೇನ್ರಿ?" ಅಂತ ಕೇಳಿಯೇ ಒಳಗೆ ಬರುವುದು.

ಅವಳಿಗೆ ಕೇಳಲು ಬಂತು... ಪರದೆ ಕಟ್ಟುವ ಮೊದಲು ಅವಳನ್ನೊಂದು ಮಾತು ಕೇಳಲು ನಮಗ್ಯಾಕೆ ಬರಲಿಲ್ಲ?