ಮಿಸ್ತ್ರಿ ಕಾಕಾ ಸ್ಟೇರಿಂಗ್ ಹಿಡಿದ ದಿನ

ಟೈ ರಾಡ್ ಹೋಗಿರಬಹುದು. ಸ್ಟೇರಿಂಗ್ ಬಾಕ್ಸಿನ ಹಲ್ಲು ಸವೆದಿರಬಹುದು. ಆ ಬಾಕ್ಸನ್ನು ಚಾಸಿಗೆ ಹಿಡಿದಿಟ್ಟ ಬೋಲ್ಟು ಸಡಿಲಾಗಿರಬಹುದು, ಇಲ್ಲವೇ ಚಾಸಿಯೇ ಬಿರುಕು ಬಿಟ್ಟಿರಬಹುದು. ಮುಂದಿನ ಗಾಲಿಯ ಬೇರಿಂಗು ಪುಡಿಯಾಗಿರಬಹುದು. ನಟ್ಟು ಬಿಗಿ ಮಾಡುವವನಿಗೆ ಸರಿಯಾಗಿ ಅದೇ ಹೊತ್ತಿಗೆ ಫೋನು ಬಂದು, ಒಂದು ನಟ್ಟು ಮರೆತುಹೋಗಿರಬಹುದು. ರಸ್ತೆಯೇ ವಾರೆಯಾಗಿರಬಹುದು. ಇದ್ಯಾವುದೂ ಅಲ್ಲದೆ, ಐವತ್ತು ದಾಟಿದ ನನ್ನ ಕೈಯೇ ನಡುಗುತ್ತಿರಬಹುದು...

ಹೋದ ತಿಂಗಳು ಕಲ್ಲೋಳಿಯಿಂದ ಗೋಕಾಕಕ್ಕೆ ನಮ್ಮ ಅಂಗಡಿಯ ಪಿಕಪ್ ಓಡಿಸಿಕೊಂಡು ಹೋಗುವಾಗ ಸ್ಟೇರಿಂಗ್ ಸಡಿಲೆನಿಸಿತು. ಗ್ಯಾರೇಜು ಮುಟ್ಟುವ ಮೊದಲೇ ನನ್ನ ಈ ಅನುಮಾನಗಳ ಪಟ್ಟಿ ಆಸ್ಪತ್ರೆಯವರೆಗೆ ಹೋಗಿ ಬಂದಿತ್ತು. ಗ್ಯಾರೇಜಿನವರು ಸವೆದ ಒಂದು ಜಾಯಿಂಟನ್ನು ಬಿಚ್ಚಿ, "ಇದ ನೋಡ್ರಿ" ಎಂದು ನನ್ನ ಕೈಗಿಟ್ಟರು. ಮುಷ್ಟಿಯಷ್ಟು ಕಬ್ಬಿಣ. ಮೈತುಂಬ ಹಳೆಯ ಗ್ರೀಸು. ಸುಟ್ಟ ಎಣ್ಣೆಗೂ ಒಣಮಣ್ಣಿಗೂ ನಡುವಿನ ಆ ವಾಸನೆ ಮೂಗಿಗೆ ಬಡಿದದ್ದೇ, ಮೂಡಲಗಿಯ ಮಿಸ್ತ್ರಿ ಕಾಕಾ ನೆನಪಾದರು.

ಕಲ್ಲೋಳಿಯಲ್ಲಿ ನನ್ನದು ಸಿಮೆಂಟು, ತಗಡಿನ ಅಂಗಡಿ. ಪಿಕಪ್ ತೆಗೆದುಕೊಂಡ ವರ್ಷದಿಂದಲೂ ಅದರ ಆರೈಕೆ ಕಾಕಾ ಅವರದೇ ಆಗಿತ್ತು. ಗಾಡಿಗಿಂತ ಹೆಚ್ಚು ಆರೈಕೆ ನನಗೇ ಬೇಕಾಗುತ್ತಿತ್ತು ಅನ್ನುವುದು ಬೇರೆ ಮಾತು. ಎಲ್ಲೋ ಒಂದು ಕಿರ್ ಅಂದರೂ ಸಾಕು, ನಾನು ಅವರ ತಗಡಿನ ಶೆಡ್ಡಿನ ಮುಂದೆ ಹಾಜರು. ಬೇರೆ ಗ್ಯಾರೇಜುಗಳಲ್ಲಿ ನನ್ನ ಕಂಡರೆ ಊಟಕ್ಕೆ ಹೋಗುತ್ತಿದ್ದರು. ಕಾಕಾ ಮಾತ್ರ ಕೈ ಒರೆಸಿಕೊಂಡು ಎದ್ದು ಬರುತ್ತಿದ್ದರು.

"ಮತ್ತೇನ್ ಕನಸ ಬಿತ್ತ್ರಿ ಸಾವ್ಕಾರ್ರ?"

"ಕನಸಲ್ಲ ಕಾಕಾ. ಬಲಕ್ಕ ಎಳದಂಗ ಆಗತೈತಿ."

"ಹತ್ರಿ ಮ್ಯಾಲ. ಸಣ್ಣಂಗ ತಿರುವ್ರಿ. ಎಡಕ್ಕ... ಬಲಕ್ಕ... ಬಾಯಿ ತಿರುವಬ್ಯಾಡ್ರಿ, ಸ್ಟೇರಿಂಗ್ ಅಷ್ಟ ತಿರುವ್ರಿ."

ಅವರ ಪದ್ಧತಿಯೇ ಬೇರೆ. ಮಿಕ್ಕವರು ಜಾಕು ಕೊಟ್ಟು ಗಾಡಿ ಎತ್ತಿ ಗಾಲಿ ಅಲ್ಲಾಡಿಸಿ ನೋಡುವರು. ಕಾಕಾ ಗಾಡಿಯನ್ನು ನೆಲದ ಮೇಲೇ ಬಿಟ್ಟು, ಎಂಜಿನ್ ಬಂದ್ ಮಾಡಿಸಿ, ಗೋಣಿತಟ್ಟು ಹಾಸಿಕೊಂಡು ಅಡಿಗೆ ಹೋಗುತ್ತಿದ್ದರು. ಮೇಲೆ ಮಾಲಕ ಸ್ಟೇರಿಂಗನ್ನು ಅತ್ತಿತ್ತ ತಿರುಗಿಸುತ್ತಿರಬೇಕು; ಕೆಳಗೆ ಅವರು ಒಂದೊಂದೇ ಜಾಯಿಂಟಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಮಲಗಿರುತ್ತಿದ್ದರು. ಎಲ್ಲಿ ಸವೆದಿದೆಯೋ ಅಲ್ಲಿ, ಗಾಲಿ ತಿರುಗುವ ಮೊದಲು, ಒಳಗೊಂದು ಸಣ್ಣ ಏಟು ಬೀಳುತ್ತದೆ. ಜಾಯಿಂಟನ್ನು ಮುಚ್ಚಿದ ರಬ್ಬರು ಟೋಪಿಯ ಮೇಲಿಂದ ಕಣ್ಣಿಗೆ ಕಾಣುವಷ್ಟಲ್ಲ, ಕೈಗೆ ತಿಳಿಯುವಷ್ಟು. "ಮೈಮ್ಯಾಲ ಭಾರ ಇದ್ದಾಗಷ್ಟ ಇವು ಖರೆ ಹೇಳತಾವ್ರಿ" ಅನ್ನುತ್ತಿದ್ದರು. ಸ್ಟೇರಿಂಗ್ ಬಾಕ್ಸಿನ ಮೇಲಿನ ಸ್ಕ್ರೂ ಬಿಗಿ ಮಾಡಿ ಕಳಿಸುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಅದರಿಂದ ಸಡಿಲು ಮುಚ್ಚುತ್ತದೆಯೇ ಹೊರತು ಹೋಗುವುದಿಲ್ಲ ಎಂಬುದು ಅವರ ವಾದ.

ಆರು ವರ್ಷದ ಹಿಂದಿನ ಮಾತು. ಸ್ಟೇರಿಂಗ್ ಸಡಿಲೆಂದು ಹೋದೆ. ಕಾಕಾ ಅಡಿಗೆ ಹೋಗಿ, ಎಲ್ಲ ಮುಟ್ಟಿ, ಹೊರಬಂದು, "ಎಲ್ಲಾ ಗಟ್ಟಿ ಐತ್ರಿ. ಆರಾಮ ಹೋಗಿ ಬರ್ರಿ" ಅಂದರು. ಮರುದಿನ ಸಿಮೆಂಟು ಹೇರಿಕೊಂಡು ಬೆಲ್ಲದ ಬಾಗೇವಾಡಿಗೆ ಹೊರಟೆ. ಎದುರಿಗೆ ಬಂದ ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಡಲು ಎಡಕ್ಕೆ ತಿರುಗಿಸಿದರೆ, ಗಾಡಿ ಒಂದು ಗಳಿಗೆ ಯೋಚನೆ ಮಾಡಿ ಆಮೇಲೆ ತಿರುಗಿತು. ಆ ಒಂದು ಗಳಿಗೆಯಲ್ಲಿ ನನ್ನ ಮಕ್ಕಳ ಮದುವೆಗೆ ಓಡಾಡುವವರು ಯಾರು ಎಂಬುದೂ ನಿಷ್ಕರ್ಷೆಯಾಗಿಹೋಗಿತ್ತು.

ಸಿಮೆಂಟು ಇಳಿಸಿದವನೇ ಎತ್ತಿನ ಗಾಡಿಯ ನಡಿಗೆಯಲ್ಲಿ ಸೀದಾ ಮೂಡಲಗಿಗೆ ಬಂದೆ. ಕಾಕಾ ನಗಲಿಲ್ಲ. ಮತ್ತೆ ಅಡಿಗೆ ಹೋದರು. ನಾನು ತಿರುಗಿಸುತ್ತಲೇ ಇದ್ದೆ. ಕೊನೆಗೆ ಅವರು ಹೊರಬಂದು, ಬಟ್ಟೆಯಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು. ಆಮೇಲೆ ಬಾಗಿಲು ತೆಗೆದು ನನ್ನನ್ನು ಇಳಿಸಿದರು.

"ಸಾವ್ಕಾರ್ರ, ನೀವು ಕೆಳಗ ಹೋಗ್ರಿ."

"ನಾನಾ?"

"ಹೂಂರಿ. ಒಂದೊಂದ ಜಾಯಿಂಟಿನ ಮ್ಯಾಲ ಅಂಗೈ ಇಡ್ರಿ. ನಾ ತಿರುವತೇನಿ."

ಅವರ ಮಾತನ್ನು ನಂಬದ್ದಕ್ಕೆ ಶಿಕ್ಷೆ ಎಂದುಕೊಂಡೆ. ಬಿಳಿ ಅಂಗಿಯಲ್ಲೇ ತಟ್ಟಿನ ಮೇಲೆ ಮಲಗಿ ಒಳಗೆ ಸರಿದೆ. ಮೊದಲು ಜಾಕಿಲ್ಲದ ಗಾಡಿ ನನ್ನ ಮೇಲೆ ಕುಸಿಯುವ ಬಗೆಗಳನ್ನು ಯೋಚಿಸಿದೆ. ಆಮೇಲೆ ಕೈಚಾಚಿದೆ. ಮೊದಲನೆಯದು ಸುಮ್ಮನಿತ್ತು, ಎರಡನೆಯದೂ ಸುಮ್ಮನಿತ್ತು. ಬಲಗಾಲಿಯ ಹತ್ತಿರದ್ದನ್ನು ಹಿಡಿದೆ. ಟಕ್. ಟಕ್. ಹಿಡಿದ ಕೋಳಿಯ ಎದೆ ಬಡಿದುಕೊಂಡಂತೆ.

"ಕಾಕಾ, ಇಲ್ಲೈತಿ. ಬಲಗಾಲಿ ಬಾಜೂಕ."

ಸ್ಟೇರಿಂಗ್ ನಿಂತಿತು. "ಚಂದಂಗ ತಿಳೀತೈತೇನ್ರಿ?"

"ಜೋರೈತಿ ಕಾಕಾ. ಯಾರಿಗರೆ ತಿಳೀತೈತಿ."

ಹಾಗನ್ನಬಾರದಿತ್ತು. ಅಂದು ಬಿಟ್ಟಿದ್ದೆ.

ಅವರು ಇಳಿದು ಬಂದು ನನ್ನನ್ನು ಮೇಲೆ ಕಳಿಸಿದರು. ನಾನು ಹಿಡಿದಿದ್ದ ಜಾಗವನ್ನೇ ಹಿಡಿದುಕೊಂಡು ಇನ್ನೊಂದಿಷ್ಟು ಹೊತ್ತು ಮಲಗಿದ್ದರು.

"ನನಗ ತಿಳೀವಲ್ದ್ರಿ" ಎಂದು ಕೆಳಗಿನಿಂದ ದನಿ ಬಂತು. "ಶುಗರ್ ಐತ್ರಿ. ಬೆರಳೆಲ್ಲಾ ಜೋಮ್ ಹಿಡದಾವು. ಚಹಾ ಬಿಸಿ ಐತೋ ತಣ್ಣಗೈತೋ, ತುಟಿಗೆ ಹಚ್ಚಿದ ಮ್ಯಾಲ ಗೊತ್ತಾಗತೈತಿ. ಯಾರ ಮುಂದೂ ಅನಬ್ಯಾಡ್ರಿ" ಅಂದರು.

ಹೊಸ ಜಾಯಿಂಟು ಕೂಡಿಸುವಾಗ ಮಾತ್ರ ಅವರ ಕೈಗೆ ಯಾವ ಅಡಚಣೆಯೂ ಇದ್ದಂತೆ ಕಾಣಲಿಲ್ಲ. ನಟ್ಟು ತಿರುಗಿಸುವ ಪಾನಾ ಕೈಯಲ್ಲಿ ಹಿಡಿದರೆ ಮೊದಲಿನ ಕಾಕಾನೇ. ನಟ್ಟು ಬಿಗಿ ಮಾಡಿ, ಅದು ಮತ್ತೆ ತಿರುಗದಂತೆ ಪಿನ್ನು ತೂರಿಸಿ, ನನ್ನ ಕಡೆ ನೋಡದೆಯೇ ಕೇಳಿದರು.

"ಮುಂದಿನ ತಿಂಗಳ ಗ್ರೀಸ್ ಹೊಡಸಾಕ ಬರ್ತೀರಲಾ?"

"ಬರ್ತೇನಿ ಕಾಕಾ. ಎಲ್ಲಿ ಹೋಗಲಿ?" ಅಂದೆ.

ಎಲ್ಲಿ ಹೋದೆ ಅಂದರೆ, ಗೋಕಾಕದ ಗ್ಯಾರೇಜಿಗೆ ಹೋದೆ. ಅವರ ಗುಟ್ಟನ್ನಂತೂ ಯಾರಿಗೂ ಹೇಳಲಿಲ್ಲ; ಹೆಂಡತಿಗೂ ಹೇಳಲಿಲ್ಲ, ನನ್ನ ಬಾಯಿಗೆ ಅದು ದೊಡ್ಡ ಸಾಧನೆ. ನನ್ನನ್ನು ಕಂಡರೆ ಅವರಿಗೆ ಮುಜುಗರವಾದೀತು, ಆ ಸಂಕಟ ಯಾಕೆ ಕೊಡಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಖರೆ ಅಂದರೆ ನನಗೆ ಅಂಜಿಕೆಯಾಗಿತ್ತು. ಆ ಕೈ ಇನ್ನೇನೇನು ಗುರುತಿಸದೆ ಬಿಟ್ಟೀತೋ... ಮೂಡಲಗಿಯಲ್ಲಿ ಮಾಲು ಇಳಿಸುವುದಿದ್ದರೆ ಅವರ ಶೆಡ್ಡಿನ ರಸ್ತೆ ಬಿಟ್ಟು ಸುತ್ತು ಹಾಕಿ ಹೋಗುತ್ತಿದ್ದೆ. ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಬಂದಾಗ ಕಣಗಲಾದಲ್ಲಿದ್ದೆ. ಹೊರಟಿದ್ದರೆ ಮಣ್ಣು ಮಾಡುವ ಹೊತ್ತಿಗೆ ಮುಟ್ಟಬಹುದಿತ್ತು. ಹೆದ್ದಾರಿಯಲ್ಲಿ ವಾಹನ ಬಹಳ ಎಂದು ಲೆಕ್ಕ ಹಾಕುತ್ತಾ ಹೊತ್ತು ಕಳೆದೆ.

ಹೋದ ತಿಂಗಳು ಗೋಕಾಕದಿಂದ ಬಂದ ವಾರವೇ, ಒಂದು ಮುಂಜಾನೆ ಅವರ ಮನೆಗೆ ಹೋದೆ. ಪಕ್ಕದಲ್ಲಿದ್ದ ಶೆಡ್ಡಿನಲ್ಲಿ ಈಗ ಹತ್ತಿಕಾಳಿನ ಚೀಲಗಳಿವೆ. ಕಾಕಾ ಅವರ ಹೆಂಡತಿ, ಕಾಕು, ಗುರುತು ಹಿಡಿದು ಒಳಗೆ ಕರೆದರು. ಚಹಾ ಮಾಡಿದರು. ಕಾಕಾ ಆಮೇಲೆ ಬಹಳ ದಿನ ಕೆಲಸ ಮಾಡಿದರೇ ಎಂದು ಅಂಜುತ್ತಲೇ ಕೇಳಿದೆ.

"ಕಡೀತನಕ ಮಾಡಿದ್ರು ನೋಡ ತಮ್ಮಾ. ಬೆರಳು ಹೋಗಿದ್ದು ಒಂದಿನ ತಾವ ಎಲ್ಲಾರ ಮುಂದ ಹೇಳಿಬಿಟ್ರು. ಆಮ್ಯಾಲೆ ಡ್ರೈವರ್ ಮಂದಿನ ಕೆಳಗ ಮಲಗಿ ಹೇಳತಿದ್ರು, ಇವರು ಮ್ಯಾಲ ಕುಂತು ತಿರುವತಿದ್ರು. 'ಇದರಾಗ ಕಲ್ಲೋಳಿ ಸಾವ್ಕಾರ್ರು ಶಾಣ್ಯಾ ಅದಾರ, ಒಂದ ಸಲಕ್ಕ ಹಿಡದ್ರು' ಅಂತ ಬಂದವರಿಗೆಲ್ಲಾ ಹೇಳಾವ್ರು." ಕಾಕು ನನ್ನ ಬಟ್ಟಲಿಗೆ ಇನ್ನಷ್ಟು ಚಹಾ ಸುರಿದರು. "ನೀ ಯಾಕೋ ಆಮ್ಯಾಲೆ ಬರಲೇ ಇಲ್ಲಲಪಾ. ಆರಾಮ ಇದ್ದೆಲಾ?"

"ಆರಾಮ ಇದ್ದೆ ಕಾಕು" ಅಂದೆ.

ಆ ಆರು ವರ್ಷ ನಾನು ಅಂಜಿದ್ದು ಯಾವುದೂ ಆಗಲಿಲ್ಲ. ಗಾಲಿ ಕಳಚಲಿಲ್ಲ, ಚಾಸಿ ಬಿರಿಯಲಿಲ್ಲ. ಕಾಕಾ ಅವರ ಕೆಲಸ ನಿಲ್ಲಲಿಲ್ಲ, ಗಿರಾಕಿಗಳು ಬಿಟ್ಟು ಹೋಗಲಿಲ್ಲ. ಕಲ್ಲೋಳಿಯಿಂದ ಮೂಡಲಗಿಗೆ ಅರ್ಧ ಗಂಟೆಯ ದಾರಿ. ಆ ತಿಂಗಳು ಗ್ರೀಸ್ ಹೊಡೆಸಲು ನಾನು ಹೋಗಲಿಲ್ಲ, ಅಷ್ಟೇ.