ಸಿಪ್ಪೆ ಬಿಡಿಸಿದ ಅವರೆ

ಚಳಿ ಶುರುವಾಯಿತೆಂದರೆ ಗಾಂಧಿಬಜಾರಿನಲ್ಲಿ ಅವರೆಕಾಯಿಯ ಸೊಗಡು ಮೂಗಿಗೆ ಬಡಿಯುತ್ತದೆ. ಉಳಿದವರು ಕಾಯಿ ಮೂಸಿ ಕೊಳ್ಳುತ್ತಾರೆ. ಹೋದ ವರ್ಷ ನಾನು ಮೂಸಿ ಮುಂದೆ ನಡೆದೆ. ಕಾರಣ ಹೇಳಿಬಿಡುತ್ತೇನೆ, ನಮ್ಮ ನಿಮ್ಮಲ್ಲಿ ಮುಚ್ಚುಮರೆ ಯಾಕೆ? ಆಪರೇಷನ್ ಆದಮೇಲೆ ನನ್ನ ಸಣ್ಣ ಕರುಳಿನ ತುದಿ ಹೊಟ್ಟೆಯ ಬಲಗಡೆ ಹೊರಗೆ ಬಂದು ಕೂತಿದೆ. ಅದರ ಮೇಲೊಂದು ಚೀಲ. ಉಂಡದ್ದೆಲ್ಲ ಕೊನೆಗೆ ಅಲ್ಲಿಗೇ ಬರಬೇಕು, ದಾರಿಯೋ ಕಿರಿದು. ಕಾಳಿನ ಸಿಪ್ಪೆ, ಕಡಲೆಕಾಯಿ, ಕೊಬ್ಬರಿ ಚೂರು ಸಿಕ್ಕಿಕೊಂಡರೆ ಮತ್ತೆ ಆಸ್ಪತ್ರೆಯೇ ಗತಿ.

ನಾನು ಮೊದಲಿನಿಂದಲೂ ಗಬಗಬ ತಿನ್ನುವ ಪೈಕಿ. ಮದುವೆಮನೆ ಪಂಕ್ತಿಯಲ್ಲಿ ಪಕ್ಕದವರು ಪಲ್ಯಕ್ಕೆ ಕೈ ಹಾಕುವಷ್ಟರಲ್ಲಿ ನಾನು ಮಜ್ಜಿಗೆಗೆ ಕಾಯುತ್ತಿದ್ದೆ. ಈಗ ತುತ್ತು ಬಾಯಲ್ಲೇ ಪಾಯಸವಾಗುವವರೆಗೆ ಅಗಿಯುತ್ತೇನೆ. ಇದೇ ವಿದ್ಯೆಗೆ ಹಸುವನ್ನು ಸಾಧು ಎನ್ನುತ್ತಾರೆ. ನನಗೆ ಬಂದದ್ದು ದವಡೆನೋವು.

ನನ್ನ ಹೆಂಡತಿ ಶಾರದೆ ಅವರೆಯಿಲ್ಲದ ಚಳಿಗಾಲವನ್ನೇ ಕಂಡವಳಲ್ಲ. ನಾನು ತಿನ್ನುವಂತಿಲ್ಲ ಎಂದು ತಿಳಿದ ದಿನವೇ "ನಂಗೂ ಈಗೀಗ ಅದು ಸೇರಲ್ಲ ಬಿಡಿ" ಎಂದಳು. ಪೆದ್ದ ನಾನು, ನಂಬಿದೆ. ಮನೆಗೆ ಅವರೆ ಬರುವುದೇ ನಿಂತಿತು.

ಈ ವರ್ಷ ತಡೆಯಲಾರದೆ ಆಸ್ಪತ್ರೆಯ ನರ್ಸಮ್ಮನನ್ನು ಕೇಳಿದೆ.

"ತಿನ್ನಿ ಸಾರ್, ಯಾರ್ ಬೇಡ ಅಂದ್ರು? ಸಿಪ್ಪೆ ಇರ್ಬಾರ್ದು, ಮೆತ್ತಗೆ ಬೆಂದಿರ್ಬೇಕು. ಮೊದಲನೇ ಸಲ ಎರಡೇ ಚಮಚ. ಅವತ್ತು ಬೇರೆ ಹೊಸದೇನೂ ತಿನ್ಬೇಡಿ. ಹೊಟ್ಟೆ ನುಲಿದು, ಬ್ಯಾಗಿಗೆ ಏನೂ ಬರ್ಲಿಲ್ಲ ಅಂದ್ರೆ ಕಾಯ್ಬೇಡಿ, ಬಂದ್ಬಿಡಿ."

ಸಿಪ್ಪೆ ಇರಬಾರದಂತೆ! ಅವರೆಯ ಸಿಪ್ಪೆ ಬಿಡಿಸಲೆಂದೇ ಇಡೀ ಮನೆಯನ್ನು ಕೂರಿಸುವ ಊರಲ್ಲವೇ ನಮ್ಮದು? ನೆನೆಸಿದ ಕಾಳನ್ನು ಬೆರಳ ನಡುವೆ ಹಿತಕಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಚಂಗನೆ ಹಾರುತ್ತದೆ. ವೈದ್ಯರು ಹೊಟ್ಟೆಗಾಗಿ ಹೇಳುವುದನ್ನು ನಮ್ಮ ಅಜ್ಜಿಯಂದಿರು ಬರೀ ನಾಲಿಗೆಗಾಗಿ ಮಾಡಿಕೊಂಡು ಬಂದಿದ್ದರು.

ಭಾನುವಾರ ಬೆಳಿಗ್ಗೆ ಇಬ್ಬರೂ ಹಿತಕಲು ಕೂತೆವು. ಒಂದು ಬೇಳೆ ಹಾರಿ ನನ್ನ ಕನ್ನಡಕಕ್ಕೇ ಬಡಿಯಿತು. ಶಾರದೆ ನಗಲಿಲ್ಲ. ಒಂದೊಂದೇ ಬೇಳೆಯನ್ನು ಬೆಳಕಿಗೆ ಹಿಡಿದು ಸಿಪ್ಪೆಯ ಚೂರು ಹುಡುಕುತ್ತಿದ್ದಳು. ಅವಳಿಗೆ ಭಯ, ನನಗೆ ಆಸೆ.

ಮಧ್ಯಾಹ್ನ ಅನ್ನದ ಮೇಲೆ ಎರಡು ಚಮಚ ಹಿತಕಿದ ಬೇಳೆ ಸಾರು ಬಿತ್ತು. ಅಗಿದೆ, ಅಗಿದೆ. ಅಬ್ಬಾ, ಏನು ರುಚಿ! ಆಮೇಲೆ ಕಾಯುವ ಕೆಲಸ. ಶಾರದೆ ಪೇಪರ್ ಹಿಡಿದು ಎದುರಿಗೇ ಕೂತಳು, ಪುಟ ಮಾತ್ರ ತಿರುಗಲಿಲ್ಲ. ಸಂಜೆ ಹೊತ್ತಿಗೆ ಚೀಲ ಕೊಂಚ ಉಬ್ಬಿತು. ಬಚ್ಚಲಿಗೆ ಹೋಗಿ ಗಾಳಿ ಬಿಟ್ಟು, ಖಾಲಿ ಮಾಡಿಕೊಂಡು ಬಂದೆ.

"ಏನಾಯ್ತು ರೀ?"

"ಏನೂ ಆಗ್ಲಿಲ್ಲ ಕಣೇ. ಎಲ್ಲಾ ಸಲೀಸಾಗಿ ಬಂತು."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಸೀದಾ ಅಡುಗೆಮನೆಗೆ ಹೋದಳು. ಸಾರು ಬಿಸಿಮಾಡಿ, ತಟ್ಟೆ ತುಂಬ ಅನ್ನ ಹಾಕಿಕೊಂಡು, ಕೂರುವ ತಾಳ್ಮೆಯೂ ಇಲ್ಲದೆ ನಿಂತೇ ಉಣ್ಣತೊಡಗಿದಳು. ಮಧ್ಯಾಹ್ನ ಅವಳು ಬರೀ ಮಜ್ಜಿಗೆ ಅನ್ನ ಉಂಡಿದ್ದು ಆಗ ಹೊಳೆಯಿತು.

ಎಂಥ ಪಥ್ಯ ಮಾಡಿದೆ ಎಂದು ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಪಥ್ಯ ಮಾಡಿದವಳು ಅಲ್ಲಿ ನಿಂತು, ಎರಡನೇ ಸಲ ಸಾರು ಬಡಿಸಿಕೊಳ್ಳುತ್ತಿದ್ದಳು.