ಬೊಮ್ಮಕ್ಕ ನುಂಗಿದ ಮಾತು

ದೇವಸಮುದ್ರದ ಬೊಮ್ಮಕ್ಕನಿಗೆ ಮೂರು ಭಾಷೆ ಬರುತ್ತಿತ್ತು. ಕನ್ನಡ ಅವ್ವನಿಂದ ಬಂದದ್ದು. ತೆಲುಗು ಗಡಿಯಾಚೆಯ ಗಂಡನ ಮನೆಯಲ್ಲಿ ಕಲಿತದ್ದು. ಗಂಡ ಸತ್ತ ಮೇಲೆ ತವರಿಗೆ ಮರಳಿದಾಗ ಅದೂ ಜೊತೆಗೇ ಬಂತು. ಉರ್ದುವನ್ನು ಚಳ್ಳಕೆರೆ ಸಂತೆಯಲ್ಲಿ ಉಣ್ಣೆ ಕೊಳ್ಳುವವರ ಜೊತೆ ಚೌಕಾಸಿ ಮಾಡುತ್ತಾ ಗಳಿಸಿದ್ದಳು. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನೆಮ್ಮದಿಯೂ ಇಲ್ಲ ಎಂದು ಆ ಗಾದೆಗೆ ಯಾರೂ ಸೇರಿಸಲಿಲ್ಲ ನೋಡಿ.

ಬೇಸಿಗೆ ಬಂದರೆ ತಮ್ಮ ಮಹಾಂತೇಶನ ಕುರಿಮಂದೆಯ ಜೊತೆ ಅವಳೂ ಆಂಧ್ರದ ಕಡೆ ಹೊರಡುವಳು. ಅಲ್ಲಿಯ ರೈತರು ಗೊಬ್ಬರಕ್ಕೆಂದು ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳುತ್ತಿದ್ದರು. ಅವರೊಡನೆ ಮಾತಾಡುವುದೆಲ್ಲ ಬೊಮ್ಮಕ್ಕನ ಪಾಲಿಗೆ. "ತೆಲುಗು ನನ್ ತಲೆಗೆ ಹತ್ತಲ್ಲಕ್ಕ" ಎಂದು ಮಹಾಂತೇಶ ಎಂದೋ ಕೈತೊಳೆದುಕೊಂಡಿದ್ದ. ಮಹಾ ಮುಂಗೋಪಿ ಅವನು. ಹಿಂದೊಮ್ಮೆ ಸಂತೆಯಲ್ಲಿ ಒಬ್ಬನ ಕೈ ಮುರಿದು ಠಾಣೆ ಕಂಡು ಬಂದಿದ್ದ. ಆದ್ದರಿಂದ ಹೊಲದವರು ಬೈದರೆ ಬೊಮ್ಮಕ್ಕ ಆ ಬೈಗುಳ ತಾನು ನುಂಗಿ, "ಹುಷಾರು ಅಂತಾರಪ್ಪ" ಎಂದಷ್ಟೇ ತಮ್ಮನಿಗೆ ದಾಟಿಸುತ್ತಿದ್ದಳು. ನುಂಗಿದ್ದು ಅರಗುತ್ತಿರಲಿಲ್ಲ. ರೊಟ್ಟಿ ತಟ್ಟುವಾಗಲೂ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು.

ತೊಂಬತ್ತೆಂಟರ ಬೇಸಿಗೆಯಲ್ಲಿ ಒಂದು ಕುರಿ ಪಕ್ಕದ ಹೊಲದ ಶೇಂಗಾಕ್ಕೆ ಬಾಯಿ ಹಾಕಿತು. ಹೊಲದವನು ಓಡಿ ಬಂದು, ಇವರ ಸತ್ತ ಅಪ್ಪನನ್ನೂ ಬಿಡದೆ, ಕಳ್ಳನಿಗೆ ಹುಟ್ಟಿದವರು ಎಂದು ತೆಲುಗಿನಲ್ಲಿ ಉಗಿದ. ಮಹಾಂತೇಶನ ಮುಷ್ಟಿ ಕೋಲಿನ ಮೇಲೆ ಬಿಗಿಯಿತು. ಬೊಮ್ಮಕ್ಕ ಇಬ್ಬರ ನಡುವೆ ಬಂದು ನಿಂತಳು.

"ಏನಂದ್ನಕ್ಕ?"

"ಕುರಿ ನೋಡ್ಕೊಳ್ರಿ ಅಂದ, ಅಷ್ಟೇ ಕಣಪ್ಪ."

"ಹೌದಾ? ಆಗ್ಲಿ ಅನ್ನು." ಅವನು ಕುರಿ ಹೊಡೆದುಕೊಂಡು ನಡೆದೇಬಿಟ್ಟ.

ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಆ ಮುಷ್ಟಿ ಸುಮ್ಮನೆ ಬಿಗಿದದ್ದಲ್ಲ. ಒಲೆಗೆ ಕಡ್ಡಿ ಹಾಕುವಳು, ಏಳುವಳು, ಮತ್ತೆ ಕೂರುವಳು. ಸಂಜೆ ತಮ್ಮ ಊಟಕ್ಕೆ ಬಂದಾಗ ಕೇಳಿಯೇ ಬಿಟ್ಟಳು.

"ಅವ್ನು ಅಂದಿದ್ದು ನಿಂಗೆ ತಿಳೀತಲ್ವೇನೋ?"

ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. "ಗಡಿಯಾಗೆ ಹುಟ್ಟಿ ತೆಲುಗು ತಿಳಿಯಲ್ವಾ? ಮೊದ್ಲಿಂದ್ಲೂ ತಿಳೀತೈತೆ. ತಿಳೀತು ಅಂದ್ರೆ ಕೋಲು ಎತ್ಬೇಕಾಗ್ತೈತೆ. ಅದ್ಕೇ ನೀನ್ ಹೇಳಿದ್ದೇ ನಿಜ ಅನ್ಕೊಂಡು ಹೋಗ್ತೀನಿ."

ಬೊಮ್ಮಕ್ಕನಿಗೆ ಸಿಟ್ಟೂ ಬಂತು, ಅಳುವೂ ಬಂತು. ಇಷ್ಟು ವರ್ಷ ತಾನೊಬ್ಬಳೇ ನುಂಗಿದ್ದೆಂದು ತಿಳಿದಿದ್ದಳು.

"ಎಲ್ಲಾ ಗೊತ್ತಿದ್ಮೇಲೆ ನಾಳೆಯಿಂದ ನಾನೇನ್ ಹೇಳ್ಲೋ ನಿಂಗೆ?"

"ಇದೇ ಹೇಳಕ್ಕ. ನೀನ್ ಹೇಳ್ದೇ ಹೋದ್ರೆ ನಾನೇನ್ ಮಾಡ್ತೀನೋ, ನಂಗೇ ಗೊತ್ತಿಲ್ಲ."